ಕಫದ ಡಬ್ಬಿ ನಡೆದ ದಾರಿ

ಮಡಕಶಿರಾ ಸೀಮೆಯ ಕನ್ನಡಿಗರಾದ ನಾವು ನಮ್ಮ ನೆಲದ ಇತಿಹಾಸವನ್ನು ಬರೆಯಲು ಕುಳಿತಾಗಲೆಲ್ಲ ಹೇಮಾವತಿಯಿಂದಲೇ ಆರಂಭಿಸುವುದು ವಾಡಿಕೆ. ಹಿಂದೆ ಹೆಂಜೇರು ಎನಿಸಿಕೊಂಡು ನೊಳಂಬರ ರಾಜಧಾನಿಯಾಗಿದ್ದ ಆ ಊರಿನ ಕಂಬಗಳು, ಶಾಸನಗಳು, ಸಿದ್ಧೇಶ್ವರನ ಗುಡಿ ಇವೆಲ್ಲ ಸ್ಮರಣ ಸಂಚಿಕೆಗಳಲ್ಲಿ ಮತ್ತೆ ಮತ್ತೆ ಸ್ಥಾನ ಪಡೆದಿವೆ, ಪಡೆಯಬೇಕಾದದ್ದೇ. ಈ ಸಲ ನಾವು ಯಾವ ಶಾಸನಕ್ಕೂ ಏರದ ಒಂದು ವಸ್ತುವಿನ ಚರಿತ್ರೆಯನ್ನು ಹೇಳಬಯಸುತ್ತೇವೆ. ಅದು ಅಂಗೈಯಲ್ಲಿ ಹಿಡಿಸುವ, ತಿರುಗಿಸಿ ಮುಚ್ಚುವ ಮುಚ್ಚಳವುಳ್ಳ ಒಂದು ಚಿಕ್ಕ ಡಬ್ಬಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಹುದಿನದ ಕೆಮ್ಮಿನವರ ಕೈಗೆ ಕೊಡುವ ಕಫದ ಡಬ್ಬಿ.

ಇಷ್ಟು ಸಾಮಾನ್ಯ ವಸ್ತುವಿಗೆ ಇತಿಹಾಸವೆಲ್ಲಿಯದು ಎಂದು ಓದುಗರು ಕೇಳಬಹುದು. ಆ ಇತಿಹಾಸದ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಎರಡು ಮಗ್ಗುಲಲ್ಲಿ: ಪಡುವಣಕ್ಕೆ ಶಿರಾ, ಮಧುಗಿರಿ, ಪಾವಗಡಗಳನ್ನೊಳಗೊಂಡ ತುಮಕೂರು ಜಿಲ್ಲೆಯಲ್ಲಿ, ಮತ್ತು ನಾವು ಆಗ ಸೇರಿದ್ದ ಅನಂತಪುರ ಜಿಲ್ಲೆಯಲ್ಲಿ. ಮದ್ರಾಸು, ಬೆಂಗಳೂರುಗಳ ಹೆಸರು ಈ ಕಥೆಯಲ್ಲಿ ಬರುತ್ತವೆ, ಜಿನೀವಾದ ಹೆಸರೂ ಬರುತ್ತದೆ. ನಮ್ಮ ಬರಗಾಲದ ಹಳ್ಳಿಗಳ ಹೆಸರು ಮಾತ್ರ ಬರುವುದಿಲ್ಲ.

ಕ್ಷಯವೆಂಬುದು ಹೊಸ ರೋಗವಲ್ಲ. ಚರಕಸಂಹಿತೆ ಅದನ್ನು ರಾಜಯಕ್ಷ್ಮವೆಂದು ಕರೆದು ದಕ್ಷನ ಶಾಪದಿಂದ ಕ್ಷೀಣಿಸಿದ ಚಂದ್ರನ ಕಥೆಯೊಡನೆ ವಿವರಿಸುತ್ತದೆ. ಚಂದ್ರನಿಗೆ ಬಂದ ರೋಗವೆಂಬ ಹಿರಿಮೆ ಪುರಾಣದಲ್ಲಿದ್ದರೂ ಮನೆಗಳಲ್ಲಿ ಅದಕ್ಕೆ ಮರ್ಯಾದೆಯಿರಲಿಲ್ಲ. ನಮ್ಮ ಬಾಲ್ಯದಲ್ಲಿ ಹಿರಿಯರು ಅದರ ಹೆಸರನ್ನು ಹೇಳುತ್ತಿರಲಿಲ್ಲ. 'ಆ ಕಾಯಿಲೆ' ಎನ್ನುತ್ತಿದ್ದರು. ಹೆಸರು ಹೊರಬಿದ್ದರೆ ಮನೆಯ ಹೆಣ್ಣುಮಕ್ಕಳ ಸಂಬಂಧ ಮುರಿಯುತ್ತದೆಂಬ ಭಯ. ಆದ್ದರಿಂದ ರೋಗಿಯ ತಟ್ಟೆ, ಚೊಂಬು, ಚಾಪೆಗಳು ಸದ್ದಿಲ್ಲದೆ ಬೇರೆಯಾಗುತ್ತಿದ್ದವು. ಆತ ಹಿತ್ತಲಿನ ಕೊಟ್ಟಿಗೆಯ ಪಕ್ಕಕ್ಕೆ ಹೋದನೆಂದರೆ ಊರಿಗೆ ವಿಷಯ ತಿಳಿದಂತೆಯೇ.

ಅನುಕೂಲಸ್ಥರು ಸ್ಯಾನಟೋರಿಯಮ್ಮಿಗೆ ಹೋಗುತ್ತಿದ್ದರು. ನಮ್ಮ ಕಡೆಯವರಿಗೆ ಪರಿಚಿತವಾಗಿದ್ದ ಹೆಸರು ಮದನಪಲ್ಲಿಯ ಬಳಿಯ ಆರೋಗ್ಯವರಂ. ಅನೇಕ ಮಿಷನ್‌ಗಳು ಕೂಡಿ ೧೯೧೫ರಲ್ಲಿ ತೆರೆದ ಆ ಆಸ್ಪತ್ರೆಯನ್ನು ಡೆನ್ಮಾರ್ಕಿನ ವೈದ್ಯ ಕ್ರಿಶ್ಚಿಯನ್ ಫ್ರಿಮೋಟ್-ಮೊಲ್ಲರ್ ದೀರ್ಘಕಾಲ ನಡೆಸಿದರು. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯ ಆಸ್ಪತ್ರೆಯಿತ್ತು. ಒಣಹವೆ, ಬಿಸಿಲು, ಹಾಲು-ಮೊಟ್ಟೆ, ತಿಂಗಳುಗಟ್ಟಲೆ ಮಲಗಿರುವುದು: ಔಷಧವಿಲ್ಲದ ಕಾಲದಲ್ಲಿ ಇದೇ ಚಿಕಿತ್ಸೆ.

ಇದಕ್ಕೂ ಮಣಿಯದ ರೋಗಕ್ಕೆ ಶಸ್ತ್ರವೈದ್ಯರ ದಾರಿಯಿತ್ತು. ಇಟಲಿಯ ಕಾರ್ಲೊ ಫೋರ್ಲಾನಿನಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಳಕೆಗೆ ತಂದ ಕ್ರಮದಲ್ಲಿ ಪಕ್ಕೆಲುಬುಗಳ ನಡುವೆ ಸೂಜಿಯಿಳಿಸಿ ಎದೆಗೂಡಿನೊಳಗೆ ಗಾಳಿ ತುಂಬುತ್ತಿದ್ದರು. ಗಾಳಿಯ ಒತ್ತಡಕ್ಕೆ ಶ್ವಾಸಕೋಶ ಕುಗ್ಗಿ ನಿಶ್ಚಲವಾಗುತ್ತದೆ. ಕೆಲಸವಿಲ್ಲದ ಶ್ವಾಸಕೋಶದ ಹುಣ್ಣು ಮಾಯುತ್ತದೆ ಎಂಬುದು ತರ್ಕ. ತುಂಬಿದ ಗಾಳಿ ಮೈಯೊಳಗೆ ಇಂಗಿಹೋಗುವುದರಿಂದ ವಾರ ಹದಿನೈದು ದಿನಗಳಿಗೊಮ್ಮೆ ಮತ್ತೆ ತುಂಬಬೇಕು. ಹೀಗೆ ಎರಡು ಮೂರು ವರ್ಷ. ಅದೂ ಸಾಗದಿದ್ದರೆ ಒಂದು ಬದಿಯ ಹಲವು ಪಕ್ಕೆಲುಬುಗಳನ್ನೇ ಕತ್ತರಿಸಿ ತೆಗೆದು ಎದೆಯ ಗೋಡೆಯನ್ನು ಕುಸಿಯಗೊಳಿಸುತ್ತಿದ್ದರು. ಬದುಕಿ ಬಂದವರ ಒಂದು ಹೆಗಲು ಜೀವನಪರ್ಯಂತ ಇಳಿಬಿದ್ದಿರುತ್ತಿತ್ತು. ಆ ವೈದ್ಯರನ್ನು ನಾವು ಕ್ರೂರಿಗಳೆನ್ನಲಾರೆವು. ಅವರ ಕೈಯಲ್ಲಿದ್ದುದು ಅಷ್ಟೇ.

ವಿಚಿತ್ರವೆಂದರೆ, ರೋಗವನ್ನು ಗುರುತಿಸುವ ಅತ್ಯಂತ ಸರಳವಾದ ಉಪಾಯ ಅಷ್ಟರಲ್ಲಾಗಲೇ ಲೋಕಕ್ಕೆ ತಿಳಿದಿತ್ತು. ೧೮೮೨ರ ಮಾರ್ಚ್ ೨೪ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಕಂಡುಹಿಡಿದುದಾಗಿ ಪ್ರಕಟಿಸಿದನು. ಮುಂದಿನ ಒಂದೆರಡು ವರ್ಷಗಳಲ್ಲಿ ಎರ್ಲಿಖ್, ಝೀಲ್, ನೀಲ್ಸನ್ ಎಂಬವರ ಕೈಯಲ್ಲಿ ಅದಕ್ಕೆ ಬಣ್ಣ ಹಿಡಿಸುವ ಕ್ರಮ ರೂಪುಗೊಂಡಿತು. ಇಂದಿಗೂ ಅದೇ ಕ್ರಮ. ಕಫದ ಒಂದು ಚೂರನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಬೇಕು. ಇದಕ್ಕೆ ನಮ್ಮ ದೇಶದ ಪ್ರಯೋಗಶಾಲೆಗಳಲ್ಲಿ ಪೊರಕೆಕಡ್ಡಿಯನ್ನು ಮುರಿದು ಬಳಸುತ್ತಾರೆ. ಒಂದು ಕಫಕ್ಕೆ ಒಂದು ಕಡ್ಡಿ, ಆಮೇಲೆ ಸುಟ್ಟುಬಿಡುವುದು. ಸವರಿದ್ದು ಒಣಗಿದ ಮೇಲೆ ಉರಿಗೆ ಹಿಡಿದು, ಕಾರ್ಬಾಲ್ ಫ್ಯುಕ್ಸಿನ್ ಎಂಬ ಕೆಂಪು ಬಣ್ಣ ಸುರಿದು, ಆವಿಯೇಳುವವರೆಗೆ ಬಿಸಿಮಾಡಬೇಕು. ಬಳಿಕ ಗಂಧಕಾಮ್ಲದಿಂದ ತೊಳೆದರೆ ಉಳಿದೆಲ್ಲವೂ ಬಣ್ಣ ಬಿಡುತ್ತದೆ. ಮೇಣದಂಥ ಕವಚವುಳ್ಳ ಕ್ಷಯದ ರೋಗಾಣು ಬಿಡುವುದಿಲ್ಲ. ಕೊನೆಗೆ ನೀಲಿ ಬಣ್ಣ. ಸಾವಿರಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೀಲಿಯ ನಡುವೆ ಕೆಂಪು ಕಡ್ಡಿಗಳು. ರೋಗಿಯ ಮೈಗೆ ಸೂಜಿಯ ಮೊನೆಯೂ ತಾಗಿಲ್ಲ. ಅರ್ಧ ದಿನದೊಳಗೆ ಉತ್ತರ.

ಹಾಗಿದ್ದೂ ಈ ಪರೀಕ್ಷೆ ಬಹುಕಾಲ ಎರಡನೆಯ ಪಂಕ್ತಿಯಲ್ಲೇ ಉಳಿಯಿತು. ಮುಂದಿನ ಪಂಕ್ತಿಯಲ್ಲಿ ಕುಳಿತದ್ದು ೧೮೯೫ರಲ್ಲಿ ರಾಂಟ್ಜೆನ್ ಕಂಡುಹಿಡಿದ ಎಕ್ಸ್-ರೇ. ಒಳಗಿನದನ್ನು ಹೊರಗಿನಿಂದಲೇ ಕಾಣಿಸುವ ಆ ಯಂತ್ರದ ಮುಂದೆ ಕಫದ ಡಬ್ಬಿ ಯಾರ ಕಣ್ಣಿಗೆ ಬಿದ್ದೀತು! ಎರಡನೆಯ ಮಹಾಯುದ್ಧದ ನಂತರ ಶ್ರೀಮಂತ ದೇಶಗಳಲ್ಲಿ ಎಕ್ಸ್-ರೇ ವ್ಯಾನುಗಳು ಬೀದಿಬೀದಿಗೆ ಹೋಗಿ, ರೋಗವಿರಲಿ ಇಲ್ಲದಿರಲಿ, ಸಾಲುಗಟ್ಟಿ ನಿಂತವರ ಎದೆಯ ಚಿತ್ರ ತೆಗೆಯುತ್ತಿದ್ದವು. ಭಾರತವೂ ಅದೇ ದಾರಿ ಹಿಡಿಯಬೇಕೆಂಬುದು ಅನೇಕ ತಜ್ಞರ ನಿರೀಕ್ಷೆಯಾಗಿತ್ತು.

೧೯೫೫ರಿಂದ ೧೯೫೮ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆ ಆ ನಿರೀಕ್ಷೆಯನ್ನು ಅಲುಗಾಡಿಸಿತು. ಕ್ಷಯವು ನಗರದ ಗಿರಣಿಗಳ, ಇಕ್ಕಟ್ಟಾದ ಗಲ್ಲಿಗಳ ರೋಗವೆಂದು ಅಲ್ಲಿಯವರೆಗೆ ತಿಳಿದಿದ್ದರು. ಹಳ್ಳಿಗಳಲ್ಲೂ ಅದು ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿದೆಯೆಂದು ಸಮೀಕ್ಷೆ ತೋರಿಸಿತು. ಸಾವಿರ ಜನರಲ್ಲಿ ಸುಮಾರು ನಾಲ್ವರ ಕಫದಲ್ಲಿ ರೋಗಾಣುಗಳಿದ್ದವು. ಹದಿನೈದು ಲಕ್ಷ ಜನಸಂಖ್ಯೆಯ ಜಿಲ್ಲೆಯೊಂದನ್ನು ಊಹಿಸಿಕೊಂಡರೆ ಐದಾರು ಸಾವಿರ ಮಂದಿ. ಅವರು ಚದುರಿರುವುದು ಕರೆಂಟಿಲ್ಲದ, ಮಳೆಗಾಲದಲ್ಲಿ ಗಾಡಿಯೂ ಹೋಗದ ನೂರಾರು ಹಳ್ಳಿಗಳಲ್ಲಿ. ಎಷ್ಟು ವ್ಯಾನು ಬೇಕು? ಫಿಲ್ಮು ಎಷ್ಟು? ಫಿಲ್ಮನ್ನು ಓದುವ ವೈದ್ಯರಾದರೂ ಎಲ್ಲಿದ್ದಾರೆ? ಇನ್ನೊಂದು ತೊಡಕೂ ಇತ್ತು. ಎಕ್ಸ್-ರೇ ತೋರಿಸುವುದು ನೆರಳನ್ನು. ಮಾಯ್ದ ಗಾಯಕ್ಕೂ ನೆರಳುಂಟು, ಬೇರೆ ರೋಗಕ್ಕೂ ಉಂಟು. ಒಂದೇ ಚಿತ್ರವನ್ನು ಇಬ್ಬರು ವೈದ್ಯರು ಎರಡು ಬಗೆಯಾಗಿ ಓದುತ್ತಿದ್ದರು. ಕೆಲವೊಮ್ಮೆ ಒಬ್ಬರೇ ಎರಡು ಸಲ ಓದಿ ಎರಡು ಬಗೆಯಾಗಿ ಹೇಳುತ್ತಿದ್ದರು.

ರೋಗವನ್ನು ಕಂಡುಹಿಡಿದರೂ ಚಿಕಿತ್ಸೆ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಬಂದುದು ಮದ್ರಾಸಿನಿಂದ. ೧೯೫೨ರಲ್ಲಿ ಐಸೋನಿಯಾಜಿಡ್ ಎಂಬ ಅಗ್ಗದ ಮಾತ್ರೆ ಬಳಕೆಗೆ ಬಂದಿತ್ತು. ಮಾತ್ರೆಯಿಂದ ಗುಣವಾಗುವುದಾದರೆ ಸ್ಯಾನಟೋರಿಯಮ್ಮಿನ ಹಾಸಿಗೆ ಬೇಕೇ? ೧೯೫೬ರಲ್ಲಿ ಸ್ಥಾಪಿತವಾದ ಮದ್ರಾಸಿನ ಕ್ಷಯ ರಾಸಾಯನಿಕ ಚಿಕಿತ್ಸಾ ಕೇಂದ್ರದಲ್ಲಿ ವ್ಯಾಲೇಸ್ ಫಾಕ್ಸ್ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಇದನ್ನು ಪರೀಕ್ಷೆಗೆ ಒಡ್ಡಿದರು. ಇನ್ನೂರಕ್ಕೆ ತುಸು ಕಡಿಮೆ ಬಡ ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದನ್ನು ಆಸ್ಪತ್ರೆಯಲ್ಲಿ ಮಲಗಿಸಿ, ಇನ್ನೊಂದಕ್ಕೆ ಅದೇ ಮಾತ್ರೆಗಳನ್ನು ಕೊಟ್ಟು ಅವರವರ ಗುಡಿಸಲುಗಳಿಗೆ ಕಳುಹಿಸಿದರು. ಆಸ್ಪತ್ರೆಯವರಿಗೆ ಒಳ್ಳೆಯ ಊಟ, ವಿಶ್ರಾಂತಿ. ಮನೆಯವರಿಗೆ ಅದೇ ಹಳೆಯ ಗಂಜಿ, ಅದೇ ದುಡಿಮೆ. ೧೯೫೯ರಲ್ಲಿ ಪ್ರಕಟವಾದ ಫಲಿತಾಂಶದಂತೆ ವರ್ಷದ ಕೊನೆಗೆ ಎರಡು ಗುಂಪುಗಳಿಗೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಮನೆಯಲ್ಲಿದ್ದ ರೋಗಿಗಳಿಂದ ಮನೆಮಂದಿಗೆ ಹೆಚ್ಚಿನ ಅಪಾಯವಾದದ್ದೂ ಕಂಡುಬರಲಿಲ್ಲ. ತಟ್ಟೆ ಚೊಂಬು ಬೇರೆಮಾಡಿದ ನಮ್ಮ ಮನೆಗಳ ಮಟ್ಟಿಗೆ ಇದಕ್ಕಿಂತ ದೊಡ್ಡ ಸುದ್ದಿ ಇನ್ನೊಂದಿಲ್ಲ. ಆದರೆ ಆ ಸುದ್ದಿ ಮನೆಗಳನ್ನು ಮುಟ್ಟಲು ಒಂದು ತಲೆಮಾರೇ ಬೇಕಾಯಿತೆಂಬುದನ್ನೂ ಒಪ್ಪಿಕೊಳ್ಳಬೇಕು.

ಅದೇ ೧೯೫೯ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯ ಸಂಸ್ಥೆ ಸ್ಥಾಪಿತವಾಯಿತು. ಮರುವರ್ಷ ಅದನ್ನು ಉದ್ಘಾಟಿಸಿದವರು ಪ್ರಧಾನಿ ಜವಾಹರಲಾಲ್ ನೆಹರೂ. ಅವರ ಪತ್ನಿ ಕಮಲಾ ೧೯೩೬ರಲ್ಲಿ, ಯೂರೋಪಿನ ಸ್ಯಾನಟೋರಿಯಮ್ಮುಗಳನ್ನು ಸುತ್ತಿಯೂ ಉಳಿಯದೆ, ಇದೇ ರೋಗದಿಂದ ಲಾಸಾನ್ ನಗರದಲ್ಲಿ ತೀರಿಕೊಂಡಿದ್ದರು.

ಈ ಸಂಸ್ಥೆ ತನ್ನ ಕೆಲಸಕ್ಕೆ ಆರಿಸಿಕೊಂಡ ಹೊಲವೇ ತುಮಕೂರು ಜಿಲ್ಲೆ. ರಾಜ್ ನಾರಾಯಣ್ ಮತ್ತು ಅವರ ಸಂಗಡಿಗರು ಅಲ್ಲಿ ಆಯ್ದ ಹಳ್ಳಿ ಪಟ್ಟಣಗಳಲ್ಲಿ ಸಮೀಕ್ಷೆ ನಡೆಸಿ ರೋಗಿಗಳ ಪಟ್ಟಿ ಮಾಡಿದರು. ಆಮೇಲೆ ನಡೆದುದನ್ನು ನಾವು ತುಸು ನಿಧಾನವಾಗಿ ಹೇಳಬೇಕು. ಸಂಸ್ಥೆಯಲ್ಲಿ ದೇಬಬರ್ ಬ್ಯಾನರ್ಜಿ ಎಂಬ ವೈದ್ಯರೂ ಸ್ಟಿಗ್ ಆಂಡರ್ಸನ್ ಎಂಬ ಸಮಾಜಶಾಸ್ತ್ರಜ್ಞರೂ ಇದ್ದರು. ಅವರು ಕೇಳಿದ ಪ್ರಶ್ನೆ ಅದುವರೆಗೆ ಯಾರೂ ಗಂಭೀರವಾಗಿ ಕೇಳದಿದ್ದದ್ದು: ಈ ರೋಗಿಗಳಿಗೆ ತಮಗೇನೋ ಆಗಿದೆಯೆಂಬುದು ಗೊತ್ತಿದೆಯೇ? ಗೊತ್ತಿದ್ದರೆ ಅವರು ಏನು ಮಾಡಿದರು?

ಹಳ್ಳಿಯವರು ಅಜ್ಞಾನಿಗಳು, ಕೆಮ್ಮನ್ನು ಲೆಕ್ಕಕ್ಕಿಡುವುದಿಲ್ಲ, ಮಂತ್ರ ತಾಯಿತ ಕಟ್ಟಿಕೊಂಡು ಕೂರುತ್ತಾರೆ, ಆದ್ದರಿಂದ ವ್ಯಾನು ತೆಗೆದುಕೊಂಡು ಹೋಗಿ ಹುಡುಕಬೇಕು: ಪೇಟೆಯ ವಿದ್ಯಾವಂತರ ನಂಬಿಕೆ ಇದು. ನಮ್ಮವರಲ್ಲಿಯೂ ಇಂದಿಗೂ ಈ ನಂಬಿಕೆಯುಳ್ಳವರಿದ್ದಾರೆ. ೧೯೬೩ರಲ್ಲಿ ಪ್ರಕಟವಾದ ಬ್ಯಾನರ್ಜಿ-ಆಂಡರ್ಸನ್ ಅಧ್ಯಯನ ಬೇರೆಯದನ್ನೇ ಹೇಳಿತು. ಕಫದಲ್ಲಿ ರೋಗಾಣುವಿದ್ದವರಲ್ಲಿ ಬಹುಪಾಲು ಎಲ್ಲರಿಗೂ ತಮ್ಮ ಕೆಮ್ಮು, ಜ್ವರ, ಎದೆನೋವುಗಳ ಅರಿವಿತ್ತು. ಹೆಚ್ಚಿನವರು ಅದಕ್ಕಾಗಿ ಚಿಂತಿಸಿಯೂ ಇದ್ದರು. ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಆಗಲೇ ಆಧುನಿಕ ವೈದ್ಯರ ಬಳಿಗೆ, ಸರ್ಕಾರಿ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಒಂದು ಬಾಟಲಿ.

ಆ ಬಾಟಲಿಯನ್ನು ನಾವು ಬಲ್ಲೆವು. ಮನೆಯಿಂದಲೇ ಸೀಸೆ ಒಯ್ಯಬೇಕಿತ್ತು. ಕಾಂಪೌಂಡರ್ ದೊಡ್ಡ ಜಾಡಿಯಿಂದ ಅದರೊಳಕ್ಕೆ ಕೆಂಪು ನೀರು ಸುರಿದು, ಹೊರಗೆ ಕಾಗದದ ಪಟ್ಟಿ ಅಂಟಿಸಿ ಗುರುತು ಹಾಕಿ ಕೊಡುತ್ತಿದ್ದ. ಕೆಮ್ಮು ನಿಲ್ಲದೆ ಮತ್ತೆ ಹೋದರೆ ಮತ್ತೆ ಅದೇ ನೀರು. ಜನ ಆಸ್ಪತ್ರೆಗೆ ಬರಲಿಲ್ಲವೆಂಬುದು ನಿಜವಲ್ಲ. ಕೂಲಿ ಬಿಟ್ಟು, ಮೈಲಿಗಟ್ಟಲೆ ನಡೆದು ಅವರು ಬಂದಿದ್ದರು. ಬಂದವರ ಕಫವನ್ನು ಯಾರೂ ನೋಡಲಿಲ್ಲ. ದೋಷ ಎಲ್ಲಿತ್ತೆಂಬುದನ್ನು ತುಮಕೂರಿನ ಹಳ್ಳಿಗರ ಮಾತೇ ತೋರಿಸಿಕೊಟ್ಟಿತು. ಆ ಮಾತುಗಳಲ್ಲಿ ಬಹಳಷ್ಟು ಕನ್ನಡದಲ್ಲಿ, ಕೆಲವು ನಮ್ಮ ಗಡಿಯ ಮನೆಗಳಲ್ಲಿರುವಂತೆ ತೆಲುಗಿನಲ್ಲಿ ಆಡಿದ್ದಿರಬೇಕೆಂದು ನೆನೆದರೆ ನಮಗೆ ಒಂದು ಬಗೆಯ ಆಪ್ತತೆ ಉಂಟಾಗುತ್ತದೆ.

ಇದರಿಂದ ಹೊರಟ ತೀರ್ಮಾನ ಸರಳ. ರೋಗಿಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಆತ ಬಂದಾಗ ಕೈಗೊಂದು ಡಬ್ಬಿ ಕೊಡಬೇಕು. ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಒಂದು ಸೂಕ್ಷ್ಮದರ್ಶಕ, ತರಬೇತಿ ಪಡೆದ ಒಬ್ಬ ಕೆಲಸಗಾರ, ಮೂರು ಸೀಸೆ ಬಣ್ಣ. ಎಕ್ಸ್-ರೇ ಜಿಲ್ಲಾ ಕೇಂದ್ರದಲ್ಲಿ ಮಾತ್ರ. ಮಾತ್ರೆ ರೋಗಿಯ ಊರಿಗೆ ಆದಷ್ಟು ಹತ್ತಿರದಲ್ಲಿ. ಈ ಯೋಜನೆಗೆ ರೂಪ ಕೊಟ್ಟವರ ನಡುವೆ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಬಂದಿದ್ದ ಡೆನ್ಮಾರ್ಕಿನ ಹಾಫ್‌ಡನ್ ಮಾಹ್ಲರ್ ಇದ್ದರು. ಮುಂದೆ ೧೯೭೩ರಲ್ಲಿ ಅವರು ಅದೇ ಸಂಸ್ಥೆಯ ಮಹಾನಿರ್ದೇಶಕರಾದರು. ಪ್ರಾಥಮಿಕ ಆರೋಗ್ಯವೆಂಬ ಮಾತನ್ನು ಅವರು ಜಗತ್ತಿಗೆಲ್ಲ ಸಾರಿದಾಗ ಅದರ ಹಿಂದೆ ನಮ್ಮ ಸೀಮೆಯ ಅನುಭವವೂ ಇತ್ತೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಕಾಗದದ ಮೇಲಿನ ಯೋಜನೆಯನ್ನು ನೆಲಕ್ಕಿಳಿಸಿ ನೋಡಲು ಒಂದು ಜಿಲ್ಲೆ ಬೇಕಿತ್ತು. ೧೯೬೧ರಲ್ಲಿ ಆ ಪ್ರಯೋಗಕ್ಕೆ ಆಯ್ದ ಜಿಲ್ಲೆ ಅನಂತಪುರ. ಈಗ ೨೦೨೨ರಿಂದ ನಮ್ಮ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ್ದರೂ ಅಂದು ನಾವು ಅನಂತಪುರದವರೇ. ಮಳೆ ಕಾಣದ, ಶೇಂಗಾ ಬಿಟ್ಟರೆ ಬೇರೆ ಆಸರೆಯಿಲ್ಲದ ಜಿಲ್ಲೆಯೆಂದು ನಮ್ಮನ್ನು ಎಲ್ಲ ವರದಿಗಳೂ ವರ್ಣಿಸುತ್ತವೆ. ಅಂಥಲ್ಲಿ ನಡೆಯುವ ಕ್ರಮ ಎಲ್ಲಿಯೂ ನಡೆದೀತು ಎಂಬುದು ನಮಗೆ ತೋರುವ ಮಾತು. ಆ ಬಳಿಕ ಜಿಲ್ಲಾ ಕ್ಷಯ ಕಾರ್ಯಕ್ರಮವೆಂಬ ಹೆಸರಿನಲ್ಲಿ ಅದು ದೇಶದ ಜಿಲ್ಲೆಜಿಲ್ಲೆಗೆ ಹೋಯಿತು. ಜಿಲ್ಲೆಗಳಿಂದ ವೈದ್ಯರು, ಪ್ರಯೋಗಶಾಲೆಯವರು, ಎಕ್ಸ್-ರೇಯವರು, ಲೆಕ್ಕ ಬರೆಯುವವರು ತಂಡವಾಗಿ ಬೆಂಗಳೂರಿಗೆ ಬಂದು ತರಬೇತಿ ಪಡೆದು ಮರಳುತ್ತಿದ್ದರು. ೧೯೬೭ರಲ್ಲಿ ಬೇಯ್ಲಿ, ಸಾವಿಚ್, ಗೋಥಿ ಮೊದಲಾದವರು ದಕ್ಷಿಣ ಭಾರತದ ಒಂದು ಜಿಲ್ಲೆಯ ಲೆಕ್ಕವನ್ನು ಮುಂದಿಟ್ಟು, ಕೆಮ್ಮೆಂದು ತಾವಾಗಿ ಬಂದವರ ಕಫವನ್ನು ನೋಡಿದರೆ ಸಾಕು, ಗಣನೀಯ ಸಂಖ್ಯೆಯ ರೋಗಿಗಳು ಸಿಗುತ್ತಾರೆಂದು ತೋರಿಸಿದರು.

ಇಲ್ಲಿಗೆ ಕಥೆ ಸುಖಾಂತವಾಯಿತೆಂದು ಬರೆದರೆ ಸತ್ಯಕ್ಕೆ ಅಪಚಾರವಾದೀತು. ಪರೀಕ್ಷೆ ಸರಳವಾಯಿತು, ಚಿಕಿತ್ಸೆ ಆಗಲಿಲ್ಲ. ಒಂದು ಒಂದೂವರೆ ವರ್ಷ ಮಾತ್ರೆ ನುಂಗಬೇಕಿತ್ತು. ಎರಡು ಮೂರು ತಿಂಗಳಿಗೆ ಕೆಮ್ಮು ನಿಂತರೆ ರೋಗಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟುಬಿಡುತ್ತಿದ್ದ. ಬರಗಾಲದ ವರ್ಷದಲ್ಲಿ ಅವನನ್ನು ತಡೆಯುವವರಾರು? ಮಾತ್ರೆ ಮುಗಿದುಹೋದ ಕೇಂದ್ರಗಳಿದ್ದವು; ಮಸೂರ ಮಬ್ಬಾದ ಸೂಕ್ಷ್ಮದರ್ಶಕಗಳೂ ಇದ್ದವು. ಅರೆಚಿಕಿತ್ಸೆಯಿಂದ ಔಷಧಕ್ಕೆ ಬಗ್ಗದ ಕ್ಷಯ ಹುಟ್ಟಿತು. ೧೯೯೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಷಯವನ್ನು ಜಾಗತಿಕ ತುರ್ತುಪರಿಸ್ಥಿತಿಯೆಂದು ಸಾರಬೇಕಾಯಿತು. ೧೯೯೭ರಿಂದ ನಮ್ಮಲ್ಲಿ ಬಂದ ಪರಿಷ್ಕೃತ ಕಾರ್ಯಕ್ರಮದಲ್ಲಿ ಮಾತ್ರೆಯನ್ನು ಕಣ್ಣೆದುರೇ ನುಂಗಿಸುವ ಕ್ರಮ ಬಂದಿತು, ಅವಧಿ ಆರು ತಿಂಗಳಿಗೆ ಇಳಿಯಿತು. ಕಫದ ಡಬ್ಬಿ ಮಾತ್ರ ತನ್ನ ಸ್ಥಾನದಲ್ಲೇ ಉಳಿಯಿತು.

ಪರೀಕ್ಷೆಗೂ ಮಿತಿಯುಂಟು. ಒಂದು ಮಿಲಿಲೀಟರ್ ಕಫದಲ್ಲಿ ಸಾವಿರಾರು ರೋಗಾಣುಗಳಿದ್ದರಷ್ಟೇ ಸೂಕ್ಷ್ಮದರ್ಶಕದ ಕಣ್ಣಿಗೆ ಬೀಳುತ್ತವೆ, ಕಡಿಮೆಯಿದ್ದರೆ ತಪ್ಪಿಸಿಕೊಳ್ಳುತ್ತವೆ. ಚಿಕ್ಕ ಮಕ್ಕಳು ಕಫವನ್ನು ನುಂಗುತ್ತಾರೆಯೇ ಹೊರತು ಉಗುಳುವುದಿಲ್ಲ. ಅವರಿಗಾಗಿ ಹೊಟ್ಟೆಯೊಳಕ್ಕೆ ನಳಿಗೆಯಿಳಿಸುವ ಸಂಕಟ ಇಂದಿಗೂ ಪೂರ್ತಿ ತಪ್ಪಿಲ್ಲ. ಈಗ ರೋಗಾಣುವಿನ ವಂಶವಾಹಿಯನ್ನೇ ಗುರುತಿಸುವ ಯಂತ್ರಗಳು ಬಂದಿವೆ. ಅವುಗಳಲ್ಲೊಂದಾದ ಟ್ರೂನ್ಯಾಟ್ ಬೆಂಗಳೂರಿನ ಪ್ರಯೋಗಾಲಯದಲ್ಲಿ ಬೆಳೆದು ಗೋವಾದಲ್ಲಿ ತಯಾರಾಗುವಂಥದು. ಬ್ಯಾಟರಿಯಿಂದ ನಡೆಯುವುದರಿಂದ ಚಿಕ್ಕ ಊರುಗಳಲ್ಲಿಯೂ ಇಡಬಹುದು. ೨೦೨೦ರಲ್ಲಿ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ದೊರೆಯಿತು. ಆ ಯಂತ್ರಕ್ಕೂ ಮೊದಲು ಕೊಡಬೇಕಾದದ್ದು ಕಫವನ್ನೇ.

ಕಫವನ್ನು ಕೊಡುವುದೆಂದರೆ ಏನೆಂದು ಹೇಳುವುದು ಭಾಷೆಯ ಕೆಲಸ. ಇದನ್ನು ನಾವು ನಮ್ಮ ಕುಟುಂಬದಲ್ಲೇ ಕಂಡೆವು. ಕೆಲವು ವರ್ಷಗಳ ಹಿಂದೆ ನಮ್ಮ ಹಿರಿಯ ಬಂಧುಗಳಾದ ಒಬ್ಬ ಅಜ್ಜಿಗೆ ಕೆಮ್ಮು ಹಿಡಿದು ತಿಂಗಳಾಗಿತ್ತು. ಆಕೆ ಹುಟ್ಟಿ ಬೆಳೆದದ್ದು, ಬಾಳಿದ್ದು ಗಡಿಯಂಚಿನ ಹಳ್ಳಿಗಳಲ್ಲಿ. ಕನ್ನಡವಲ್ಲದೆ ಬೇರೆ ಮಾತು ಸರಿಯಾಗಿ ಬಾರದು. ಕರೆದುಕೊಂಡು ಹೋದ ಆಸ್ಪತ್ರೆಯಲ್ಲಿ ಡಬ್ಬಿ ಕೊಟ್ಟವರು ತೆಲುಗಿನಲ್ಲಿ 'ಉಮ್ಮಿ' ತರಬೇಕೆಂದರು. ಅಜ್ಜಿ ಅದನ್ನು ಉಗುಳೆಂದೇ ತಿಳಿದು, ಬಾಯೆಂಜಲನ್ನು ಡಬ್ಬಿಗೆ ತುಂಬಿಸಿ ತಂದು ಒಪ್ಪಿಸಿದರು. ರೋಗವಿಲ್ಲವೆಂದು ಚೀಟಿ ಬಂದಿತು. ಮನೆಯವರೆಲ್ಲ ನೆಮ್ಮದಿಯಿಂದ ಸಕ್ಕರೆ ಹಂಚದಿದ್ದುದೊಂದೇ ಬಾಕಿ. ಮೂರು ತಿಂಗಳ ಹೊತ್ತಿಗೆ ಅಜ್ಜಿ ಹಿಡಿಯಷ್ಟಾಗಿದ್ದರು.

ಎರಡನೆಯ ಸಲ ಮನೆಗೆ ಬಂದ ಆರೋಗ್ಯ ಕಾರ್ಯಕರ್ತೆ ಶಿರಾ ಕಡೆಯಿಂದ ನಮ್ಮ ಸೀಮೆಗೆ ಸೊಸೆಯಾಗಿ ಬಂದವರು. ಅವರು ಡಬ್ಬಿಯನ್ನು ತೋರಿಸಿ, 'ಅಜ್ಜೀ, ಎಂಜಲು ಬ್ಯಾಡ. ಬೆಳಿಗ್ಗೆ ಎದ್ದ ತಕ್ಷಣ ಬಾಯಿ ಮುಕ್ಕಳಿಸಿ, ಉಸಿರು ತುಂಬ ಎಳ್ಕೊಂಡು ಎದೆಯಾಳದಿಂದ ಕೆಮ್ಮಿ, ಕ್ಯಾಕರಿಸಿ ಉಗೀಬೇಕು, ಗಟ್ಟಿ ಕಫ' ಎಂದರು. ಎಂದು ಸುಮ್ಮನಾಗದೆ ಅಂಗಳದಲ್ಲಿ ನಿಂತು ತಾವೇ ಕೆಮ್ಮಿ ತೋರಿಸಿದರು. ಅಜ್ಜಿಗೆ ನಗು ಬಂದು, ನಗುವಿನ ಹಿಂದೆಯೇ ಕೆಮ್ಮೂ ಬಂದಿತು. ಮರುದಿನ ನಸುಕಿನಲ್ಲಿ ಅವರು ಬಚ್ಚಲ ಕಡೆಯ ಕಟ್ಟೆಯ ಮೇಲೆ ಕುಳಿತು ಡಬ್ಬಿ ತುಂಬಿಸಿದರು. ಈ ಸಲದ ಚೀಟಿಯಲ್ಲಿ ರೋಗಾಣುವಿರುವುದಾಗಿ ಬರೆದಿತ್ತು. ಆರು ತಿಂಗಳು ಮಾತ್ರೆ ನುಂಗಿದರು. ಮೊದಲ ವಾರದಲ್ಲಿ ಸೊಸೆ ಅವರ ತಟ್ಟೆಯನ್ನು ಬೇರೆ ಇಟ್ಟಿದ್ದಳು. ಮಾತ್ರೆ ಕೊಡಲು ಬಂದ ಆ ಕಾರ್ಯಕರ್ತೆ ಅದನ್ನು ಕಂಡು, ಏನೂ ಹೇಳದೆ, ತಾನೇ ಎತ್ತಿ ತಂದು ಉಳಿದ ತಟ್ಟೆಗಳ ಸಾಲಿಗೆ ಸೇರಿಸಿ ಹೋದರು.